ಕಲ್ಲು ಗಣಕ, ನೀರು ಗಣಕ

ಹುಬ್ಬಳ್ಳಿಯ ಕೇಶ್ವಾಪುರದ ಆ ಮನೆಯಲ್ಲಿ ಜಗಳಗಳು ಮುಗಿಯುತ್ತಿದ್ದದ್ದು ಒಂದೇ ರೀತಿ. ಚೇತನ ಕೈಯೆತ್ತಿ, "ತಡಿ, ಗಣಕಾನ ಕೇಳೂಣು" ಎನ್ನುತ್ತಿದ್ದ. ಅವನ ಹೆಂಡತಿ ಅರ್ಪಿತಾ ಅಷ್ಟಕ್ಕೇ ಸೋತಿರುತ್ತಿದ್ದಳು.

ಆ ಬೆಳಿಗ್ಗೆ ಜಗಳ ಎದ್ದದ್ದು ಚೇತನನ ಅಕ್ಕ ಸಿಂಧು ದೀಪಾವಳಿಗೆ ಬರುವ ವಿಷಯಕ್ಕೆ.

"ಆಕಿ ಬರೂದು ಬ್ಯಾಡ ಅಂತ ನೀನ ಅಂದಿದ್ದಿ."

"ನಾ ಹಂಗ ಅಂದಿಲ್ರಿ."

"ಅಂದಿ. ತಡಿ, ಕೇಳೂಣು."

ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಕೂತಿದ್ದ ಮನೆಗಣಕ ಕ್ಷಣವೂ ತಡೆಯಲಿಲ್ಲ. "ಸೆಪ್ಟೆಂಬರ್ ಹನ್ನೊಂದು, ಸಂಜೆ ಆರೂ ಇಪ್ಪತ್ತು. ಅರ್ಪಿತಾ ಆಡಿದ ಮಾತು: ಬಂದ್ರ ಬರ್ಲಿ, ಬಿಟ್ರ ಬಿಡ್ಲಿ, ನಂಗೇನ. ದನಿಯ ಸಮೇತ ಕೇಳಿಸಲೇ?"

"ಬ್ಯಾಡ" ಅಂದಳು ಅರ್ಪಿತಾ.

"ಕೇಳಸು" ಅಂದ ಚೇತನ.

ದನಿ ಅವಳದೇ. ಹಿಂದೆ ಕುಕ್ಕರಿನ ಸೀಟಿಯೂ ಇತ್ತು. ಆದರೆ ಆ ದಿನ ಧಾರವಾಡದಿಂದ ಬಸ್ಸಿನಲ್ಲಿ ನಿಂತೇ ಬಂದು ಅವಳ ಸೊಂಟ ಹಿಡಿದುಕೊಂಡಿತ್ತು. ಅದು ಮಾತ್ರ ದಾಖಲೆಯಲ್ಲಿ ಇರಲಿಲ್ಲ. ತಟ್ಟೆಯಲ್ಲಿದ್ದ ಅವಲಕ್ಕಿಯನ್ನು ಅಷ್ಟಕ್ಕೇ ಬಿಟ್ಟು ಅವಳು ಚೀಲ ಹೆಗಲಿಗೇರಿಸಿದಳು.

ಅಂಥ ಗಣಕಗಳು ಆಗ ಪ್ರತಿ ಮನೆಯಲ್ಲೂ ಇದ್ದವು. ದೀಪ, ನೀರು, ಗುಳಿಗೆಯ ಹೊತ್ತು, ಸಂತೆಯ ಪಟ್ಟಿ, ಎಲ್ಲವೂ ಅವುಗಳ ಉಸ್ತುವಾರಿ. ಕಿವಿಗೆ ಬಿದ್ದದ್ದನ್ನೆಲ್ಲ ಒಳಗಿನ ಹರಳಿನ ಫಲಕದ ಮೇಲೆ ಬೆಳಕಿನಿಂದ ಕೊರೆದಿಡುತ್ತಿದ್ದವು. ಕೊರೆದದ್ದು ಅಳಿಯುವಂತಿರಲಿಲ್ಲ. ಶಾಸನ ಕೆತ್ತಿದ ಹಾಗೆ. ಜನ ಅದನ್ನು ಕಲ್ಲು ಗಣಕ ಎಂದೇ ಕರೆದರು. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದ ಚೇತನನಿಗೆ ಅದಕ್ಕಿಂತ ಪ್ರಿಯವಾದ ವಸ್ತು ಮನೆಯಲ್ಲಿ ಇನ್ನೊಂದಿರಲಿಲ್ಲ. ದಾಖಲೆ ಇಲ್ಲದ ಗಡಿ ಗಡಿಯೇ ಅಲ್ಲ ಎಂದು ನಂಬಿದ ಮನುಷ್ಯ.

ಅರ್ಪಿತಾಳ ಕೆಲಸ ಧಾರವಾಡದ ಹೊರಗಿನ ಒಂದು ತಪಾಸಣಾ ಪ್ರಯೋಗಾಲಯದಲ್ಲಿ. ಮಾರುಕಟ್ಟೆಗೆ ಬರುವ ಹೊಸ ಗಣಕಗಳನ್ನು ಪರೀಕ್ಷಿಸಿ ಅರ್ಹತಾ ಪತ್ರ ಕೊಡುವುದು ಅಲ್ಲಿನ ಕೆಲಸ. ಆ ವರ್ಷ ಅವಳ ಮೇಜಿಗೆ ಬಂದದ್ದು ಬೇರೆಯೇ ಜಾತಿಯದು. ಅದರೊಳಗೆ ಹರಳಿರಲಿಲ್ಲ. ಅಂಗೈ ಅಗಲದ ಗಾಜಿನ ಡಬ್ಬಿ, ಅದರ ತುಂಬ ಉಪ್ಪುನೀರಿನಂಥ ದ್ರವ, ದ್ರವದಲ್ಲಿ ಕಣ್ಣಿಗೆ ಕಾಣದ ಲೋಹದ ಕಣಗಳು. ಒಂದು ಮಾತು ಕೇಳಿದರೆ ಕಣಗಳು ಸಾಲುಗಟ್ಟಿ ಒಂದು ಎಳೆಯಾಗುತ್ತಿದ್ದವು. ಅದೇ ಮಾತು ಮತ್ತೆ ಬಂದರೆ ಎಳೆ ದಪ್ಪವಾಗುತ್ತಿತ್ತು. ಬರದಿದ್ದರೆ ವಾರದೊಳಗೇ ಮಸುಕಾಗಿ ಕರಗುತ್ತಾ ಹೋಗಿ, ತೊಂಬತ್ತು ದಿನ ಯಾರೂ ಮುಟ್ಟದ ಎಳೆ ಮರಳಿ ನೀರಾಗಿಬಿಡುತ್ತಿತ್ತು. ಅಂದರೆ ಗಣಕ ಮರೆಯುತ್ತಿತ್ತು. ಕರೆಂಟು ಹಳೆಯದರ ಹತ್ತರಲ್ಲಿ ಒಂದು ಪಾಲು ಸಾಕು. ಪ್ರಯೋಗಾಲಯದವರು ಅದಕ್ಕೆ ನೀರು ಗಣಕ ಎಂದು ಹೆಸರಿಟ್ಟರು.

ಮರೆಯುವ ಗಣಕ! ಅರ್ಪಿತಾಳಿಗೆ ಅದು ವರವಾಗಿ ಕಂಡಿತು. ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದ ಶಾಹೀನ್ ಮುಲ್ಲಾ ಅದಕ್ಕೆ ತಣ್ಣೀರು ಎರಚಿದಳು. ಪರೀಕ್ಷೆಗೆಂದು ಒಂದು ಡಬ್ಬಿಗೆ ಮೂರು ತಿಂಗಳು ಗಂಡಹೆಂಡಿರ ನಕಲಿ ಸಂಸಾರದ ಮಾತು ಕೇಳಿಸಿದ್ದರು. "ನೋಡ್ರಿ ಅಕ್ಕಾರ," ಅಂದಳು ಶಾಹೀನ್, ಪರದೆಯ ಮೇಲಿನ ಎಳೆಗಳನ್ನು ತೋರಿಸುತ್ತ. "ಸಂತಿ ಪಟ್ಟಿ ಹೋತು, ಕಾಕಾನ ಫೋನ್ ನಂಬರ್ ಹೋತು. ಜಗಳ ಅಷ್ಟ ಉಳದೈತಿ. ದಿನಾ ತೆಗದು ತೆಗದು ಆಡ್ತಾರಲ್ರಿ, ಅದು ಹಗ್ಗಾ ಆಗಿ ಕುಂತೈತಿ. ಇದು ಜಗಳಾ ಮರಿಯೂದಿಲ್ಲ. ಜಗಳಾ ಬಿಟ್ಟು ಉಳದದ್ದೆಲ್ಲಾ ಮರೀತೈತಿ."

"ಸುಮ್ನ ಬರಕೋ" ಅಂದಳು ಅರ್ಪಿತಾ.

ಮುಂದಿನ ಹಂತ ನಿಜವಾದ ಮನೆಗಳಲ್ಲಿ ಪರೀಕ್ಷೆ. ನಲವತ್ತು ಮನೆ ಬೇಕಿತ್ತು, ಸಿಬ್ಬಂದಿಗೂ ಅವಕಾಶವಿತ್ತು. ನಿಯಮ ಸರಳ: ಒಂದು ಮನೆಗೆ ಒಂದೇ ಗಣಕ. ಹಳೆಯ ಫಲಕದಲ್ಲಿನ ಕಳೆದ ಒಂದು ವರ್ಷದ ನೆನಪನ್ನು ಹೊಸದಕ್ಕೆ ತುಂಬಿ ಕೊಡುತ್ತಾರೆ. ಹಳೆಯ ಫಲಕ ನೂರು ದಿನ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇರುತ್ತದೆ. ಅಷ್ಟರೊಳಗೆ ವಾಪಸು ಕೇಳದಿದ್ದರೆ ಅದನ್ನು ಪುಡಿ ಮಾಡುತ್ತಾರೆ.

ಅರ್ಪಿತಾ ಮನೆಯಲ್ಲಿ ವಿಷಯ ತೆಗೆದದ್ದೇ ತಪ್ಪಾಯಿತು. ಚೇತನ ಒಂದು ಹಾಳೆಗೆ ನಡುವೆ ಗೆರೆ ಎಳೆದು, ಕಲ್ಲಿನ ಕಡೆ ಹದಿನೇಳು ಕಾರಣ ಬರೆದ, ನೀರಿನ ಕಡೆ ನಾಲ್ಕು. ಸಿಂಧು ಫೋನಿನಲ್ಲಿ, "ಮರಿಯೂ ಗಣಕ ಯಾಕ ಬೇಕ? ಮರಿಯಾಕ ನಾವಿಲ್ಲೇನು?" ಅಂದಳು. ಮೇಲಿನ ಮನೆಯವರು, ಹಾಲಿನವನು, ಚೇತನನ ಆಫೀಸಿನ ಜವಾನ ಕೂಡ ಒಂದೊಂದು ಅಭಿಪ್ರಾಯ ಇಟ್ಟುಕೊಂಡಿದ್ದರು. ಯಾರೂ ನೀರು ಗಣಕವನ್ನು ಕಣ್ಣಿಂದ ಕಂಡವರಲ್ಲ. ಎರಡು ವಾರ ಮನೆಯಲ್ಲಿ ಬೇರೆ ಮಾತಿರಲಿಲ್ಲ.

"ಇದು ಹೊಲದ ಗಡಿ ಅಲ್ರಿ, ಒಂದು ಯಂತ್ರ!" ಎಂದು ಅರ್ಪಿತಾ ಕೂಗಿದಳು.

"ಯಂತ್ರ ಅಂತನ ಕೇಳ್ತೀನಿ. ನಾಳೆ ಏನರ ವ್ಯಾಜ್ಯ ಬಂದ್ರ?"

"ನಮ್ಮನ್ಯಾಗ ದಿನಾ ವ್ಯಾಜ್ಯಾನ ಐತಲ್ಲ!"

ಕೊನೆಗೆ ಇಬ್ಬರೂ ಅತ್ತೆಯ ಕಡೆ ತಿರುಗಿದರು. ಚೇತನನ ತಾಯಿ ರಶ್ಮಿಗೆ ಎಪ್ಪತ್ತನಾಲ್ಕು. ಗಂಡ ಹೋದ ಮೇಲೆ ಮಗನ ಮನೆಯ ಅಡುಗೆಯನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿದ್ದ ಹೆಣ್ಣುಮಗಳು. ಹುರುಳಿಕಾಯಿಯ ನಾರು ತೆಗೆದು ಸೋಸುತ್ತಿದ್ದವರು ತಲೆಯೆತ್ತಲಿಲ್ಲ. "ನನ್ನ ಕೇಳಬ್ಯಾಡ್ರಿ. ಯಾವುದಾದ್ರ ಏನ, ಕೇಳಿದ್ದಕ್ಕ ಉತ್ತರಾ ಕೊಟ್ರ ಸಾಕು" ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ತೀರ್ಮಾನ ಮಾಡಿದ್ದು ಕಡೆಗೆ ಸಿಂಧು. ದೀಪಾವಳಿಗೆ ಅವಳು ಬಂದೇ ಬಂದಳು. ಪಾಡ್ಯದ ದಿನ ಊಟಕ್ಕೆ ಕೂತಾಗ ತಮಾಷೆಗೆ ಗೋಡೆಯತ್ತ ತಿರುಗಿ, "ಏ ಗಣಕಾ, ನಮ್ಮ ತಮ್ಮ ನನ್ನ ಬಗ್ಗೆ ಏನಂತಾನ ಹೇಳು ನೋಡೂಣು" ಅಂದಳು.

"ಒಟ್ಟು ನಲವತ್ತಮೂರು ಮಾತುಗಳಿವೆ. ಹಳೆಯದರಿಂದ ಓದಲೇ, ಹೊಸದರಿಂದಲೇ?"

ಚೇತನ ಎಂಜಲು ಕೈಯಲ್ಲೇ ಎದ್ದು ಸ್ವಿಚ್ಚಿನ ಕಡೆ ಓಡಿದ. ಅಷ್ಟರಲ್ಲಿ ಅದು ಶುರು ಮಾಡಿಯಾಗಿತ್ತು: "ಅಕ್ಟೋಬರ್ ಎರಡು. ಆಕಿ ಮನಿಗೆ ಬಂದ್ರ ಗಾಳೀನೂ ಮೂಸಿ ಹೆಸರಿಡ್ತಾಳ. ಆಗಸ್ಟ್ ಮೂವತ್ತು. ಆಕಿ ಗಂಡ ಬಾಯಿ ತೆರದದ್ದು ನಾ ಮದವಿ ಮಂಟಪದಾಗ ಅಷ್ಟ ನೋಡೀನಿ..."

ಸಿಂಧು ಎಲೆಯ ಮೇಲಿನ ಕರ್ಚಿಕಾಯಿ ಮುಟ್ಟದೆ ಎದ್ದು ಹೋದಳು. ಮರುದಿನ ಚೇತನ ಚಹಾ ಕುಡಿಯುತ್ತ, ಹೆಂಡತಿಯ ಮುಖ ನೋಡದೆ ಕೇಳಿದ: "ಆ ನೀರಿಂದು ಯಾವಾಗ ತರ್ತಿ?"

ನೀರು ಗಣಕ ಬಂತು. ಇಪ್ಪತ್ತೇಳನೇ ನಂಬರಿನ ಮನೆ ಎಂದು ದಾಖಲಾಯಿತು. ಮೊದಲ ವಾರ ಚಂದವಿತ್ತು. ಆಮೇಲೆ ಅದರ ಒಂದೇ ಮಾತು ಮನೆಯವರ ತಲೆ ತಿನ್ನತೊಡಗಿತು: "ಅದು ನನಗೆ ಮಸುಕಾಗಿದೆ."

ಗೀಸರ್ ರಿಪೇರಿಯವನ ಹೆಸರು ಮಸುಕಾಗಿತ್ತು. ಕಪಾಟಿನ ಎರಡನೇ ಕೀಲಿ ಎಲ್ಲಿಟ್ಟದ್ದು ಎಂಬುದು ಮಸುಕಾಗಿತ್ತು. ಚೇತನ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸತೊಡಗಿದ. ಚೀಟಿಗಳ ಮೇಲೆ ಚೀಟಿ ಬಂದು, ಬಾಗಿಲು ತೆಗೆದಾಗೆಲ್ಲ ಎರಡು ಉದುರುತ್ತಿದ್ದವು. ಜಗಳಗಳಾದರೂ ಕಡಿಮೆಯಾದವೇ? ಇಲ್ಲ. ತೀರ್ಪು ಕೊಡುವವರಿಲ್ಲದೆ ಬೆಳಿಗ್ಗೆಯ ಜಗಳ ಸಂಜೆಗೂ ಮುಂದುವರಿಯುತ್ತಿತ್ತು.

"ನೀ ಅಂದಿ."

"ನಾ ಅಂದಿಲ್ಲ."

"ಅದು ನನಗೆ ಮಸುಕಾಗಿದೆ."

"ನಿನ್ನ ಯಾರ ಕೇಳಿದ್ರು?" ಎಂದು ಇಬ್ಬರೂ ಒಟ್ಟಿಗೆ ಗೋಡೆಗೆ ಗದರುತ್ತಿದ್ದರು. ನೂರು ದಿನ ಯಾವಾಗ ಮುಗಿಯುತ್ತದೆ ಎಂದು ಚೇತನ ದಿನವೂ ಕೇಳುತ್ತಿದ್ದ. ಅರ್ಪಿತಾಳಿಗೂ ಒಳಗೊಳಗೇ ಹಳೆಯದನ್ನೇ ತರಿಸೋಣವೆನಿಸಿತ್ತು. ಹಾಗೆಂದು ಬಾಯಿ ಬಿಟ್ಟರೆ ಗಂಡ ಗೆದ್ದಂತೆ. ಅದಕ್ಕೆ ಸುಮ್ಮನಿದ್ದಳು.

ತೊಂಬತ್ತನೇ ದಿನ ನಲವತ್ತೂ ಮನೆಗಳ ಡಬ್ಬಿಗಳನ್ನು ಪ್ರಯೋಗಾಲಯದಿಂದಲೇ ಓದುವ ಕೆಲಸ. ಯಾವ ಎಳೆ ಎಷ್ಟು ದಪ್ಪ, ಎಷ್ಟು ಸಲ ಮುಟ್ಟಿದ್ದಾರೆ ಎಂಬುದನ್ನು ಪ್ರಯೋಗದ ಮಾಪಕ ಹೇಳುತ್ತಿತ್ತು. ಮನೆಯ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರದೆಂದು ಶಾಹೀನಳಿಗೆ ಗೊತ್ತಿರಲಿಲ್ಲ. ಅರ್ಪಿತಾ ಬೆಳಿಗ್ಗೆಯಿಂದಲೇ ಮುಳ್ಳಿನ ಮೇಲೆ ಕೂತಿದ್ದಳು. ತನ್ನ ಮನೆಯ ಡಬ್ಬಿಯಲ್ಲಿ ಜಗಳದ ಹಗ್ಗವೇ ಹೊರಬೀಳುವುದು, ಶಾಹೀನ್ ಅದನ್ನು ಗಟ್ಟಿಯಾಗಿ ಓದಿ ನಗುವುದು ಖಂಡಿತ ಎಂದುಕೊಂಡಿದ್ದಳು.

"ಇಪ್ಪತ್ತೇಳು," ಅಂದಳು ಶಾಹೀನ್. ನೀಲಿ ಪರದೆಯ ಮೇಲೆ ಬಿಳಿ ಎಳೆಗಳು ಮೂಡಿದವು. "ಇದು ಮಜಾ ಐತ್ರಿ ಅಕ್ಕಾರ. ಎಲ್ಲಾಕಿಂತ ದಪ್ಪ ಎಳಿ, ಇವತ್ತ ಯಾವ ವಾರ. ಮುನ್ನೂರಾ ತೊಂಬತ್ತಾರು ಸಲ! ಕ್ಯಾಲೆಂಡರ್ ಇಲ್ಲೇನ್ರಿ ಇವರ ಮನ್ಯಾಗ?"

ಅರ್ಪಿತಾಳಿಗೆ ಮೊದಲು ಸಮಾಧಾನವೇ ಆಯಿತು. ಜಗಳ ಅಲ್ಲ.

"ಎರಡನೇದು, ಬ್ಯಾಳಿ ಸಾರು ಮಾಡೂದು ಹೆಂಗ. ಎಪ್ಪತ್ತೆಂಟು ಸಲ. ಎರಡೂ ಒಂದೇ ದನಿ. ಹೆಣ್ಣು, ಎಪ್ಪತ್ತರ ಮ್ಯಾಲೆ. ಕೇಳ್ರಿ." ಶಾಹೀನ್ ಗುಂಡಿ ಒತ್ತಿದಳು.

ಪಿಸುಮಾತು. "ಏ... ಬ್ಯಾಳಿ ಕುದ್ದಾವು. ಮುಂದ ಏನ ಹಾಕಬೇಕು?"

"ಹುಣಸೆಹುಳಿ, ಬೆಲ್ಲ, ಮಸಾಲೆ ಖಾರ. ಒಗ್ಗರಣೆಗೆ ಮೊದಲು ಸಾಸಿವೆ, ಸಿಡಿದ ಮೇಲೆ ಜೀರಿಗೆ, ಬೆಳ್ಳುಳ್ಳಿ, ಕರಿಬೇವು."

"ಸಾಸಿವಿ ಮೊದಲ?"

"ಹೌದು."

"ಮನ್ಯಾಗ ಯಾರೂ ಇಲ್ಲ ಹೌದಿಲ್ಲೋ?"

"ಯಾರೂ ಇಲ್ಲ."

"ಹಂಗಾರ ಮತ್ತೊಮ್ಮೆ ಹೇಳು."

ಶಾಹೀನ್ ನಗುವುದನ್ನು ನಿಲ್ಲಿಸಿದಳು. "ಅಕ್ಕಾರ, ಈ ಅಜ್ಜಿಗೆ ಆರಾಮಿಲ್ಲ ಅನಸ್ತೈತಿ. ಆ ಮನಿಯವರಿಗೆ ತಿಳಸೂಣ್ರಿ. ಯಾರ ನಂಬರ್ ಇದು?"

"ನಂದು" ಅಂದಳು ಅರ್ಪಿತಾ.

ಐವತ್ತು ವರ್ಷ ಅಡುಗೆ ಮಾಡಿದ ಕೈ. ಆ ಸಾರಿನ ಅಳತೆಯನ್ನು ಗಣಕಕ್ಕೆ ಹೇಳಿಕೊಟ್ಟದ್ದೇ ರಶ್ಮಿ. ತಾನು ಊರಿಗೆ ಹೋದಾಗ ಸೊಸೆ ಉಪವಾಸ ಬೀಳಬಾರದೆಂದು ಒಂದು ಮಧ್ಯಾಹ್ನ ಗೋಡೆಯ ಮುಂದೆ ನಿಂತು ಹೇಳಿದ್ದರು. ಅದನ್ನೇ ಈಗ ಅವರು ಕದ್ದು ಕೇಳಿ ಮಾಡುತ್ತಿದ್ದರು. ಊಟಕ್ಕೆ ಕೂತ ಮಗನಿಗೂ ಸೊಸೆಗೂ ರುಚಿಯಲ್ಲಿ ಏನೂ ವ್ಯತ್ಯಾಸ ಕಂಡಿರಲಿಲ್ಲ.

ಚೇತನ ನಂಬಲಿಲ್ಲ. "ಅವ್ವಗ ಏನೂ ಆಗಿಲ್ಲ. ಮೂರು ತಿಂಗಳ ನೀರಿನ ಮಾತು ಕಟಗೊಂಡು ನಮ್ಮವ್ವನ್ನ ರೋಗಿ ಮಾಡಬ್ಯಾಡ. ಹಳೇ ಫಲಕದಾಗ ಇದ್ರ ತೋರಸು. ದಾಖಲೆ ತೋರಸು."

ತೊಂಬತ್ತಾರನೇ ದಿನ ಅವನು ರಜೆ ಹಾಕಿ ಧಾರವಾಡಕ್ಕೆ ಬಂದ. ನೆಲಮಾಳಿಗೆಯಲ್ಲಿ ಸಾಲಾಗಿ ಜೋಡಿಸಿದ್ದ ಫಲಕಗಳಲ್ಲಿ ತಮ್ಮದನ್ನು ಅರ್ಪಿತಾ ಹುಡುಕಿ ಮೇಜಿನ ಮೇಲಿಟ್ಟು ತಂತಿ ಜೋಡಿಸಿದಳು. ಹಳೆಯ ಪರಿಚಿತ ದನಿ ನಮಸ್ಕಾರ ಹೇಳಿತು.

"ಇವತ್ತ ಯಾವ ವಾರ ಅಂತ ನಮ್ಮವ್ವ ಎಷ್ಟ ಸಲ ಕೇಳ್ಯಾಳ?"

"ಎರಡು ಸಾವಿರದ ಒಂಬೈನೂರ ಆರು ಸಲ. ಎರಡು ವರ್ಷ ಐದು ತಿಂಗಳಿಂದ ಕೇಳುತ್ತಿದ್ದಾರೆ."

ಚೇತನ ಫಲಕವನ್ನೇ ನೋಡಿದ. ಆಮೇಲೆ ಮೇಜಿಗೆ ಗುದ್ದಿದ. "ಮತ್ತ ನಮಗ್ಯಾಕ ಹೇಳಲಿಲ್ಲ ನೀ? ಎರಡ ವರ್ಷ! ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಅದು ನಿಜವಾಗಿತ್ತು. ಅದರಲ್ಲಿ ಎಲ್ಲವೂ ಇತ್ತು. ಗೀಸರಿನವನ ಹೆಸರಿನ ಪಕ್ಕದಲ್ಲಿ, ಸೆಪ್ಟೆಂಬರ್ ಹನ್ನೊಂದರ ಮಾತಿನ ಪಕ್ಕದಲ್ಲಿ, ಅಷ್ಟೇ ಸ್ಪಷ್ಟವಾಗಿ, ಅಷ್ಟೇ ಆಳವಾಗಿ ಇದೂ ಕೊರೆದು ಕೂತಿತ್ತು.

"ಮೊದಲ್ನೇದು ಕೇಳಸು" ಅಂದ ಚೇತನ.

ಬೆಳಗಿನ ಅಡುಗೆಮನೆಯ ಸದ್ದು. ನಲ್ಲಿ ನೀರು. ರಶ್ಮಿಯ ದನಿ: "ಅರ್ಪಿತಾ, ಇವತ್ತ ಯಾವ ವಾರ?" "ಗುರುವಾರ ಅತ್ತಿ." ಡಬ್ಬಿಯ ಮುಚ್ಚಳ ಹಾಕಿದ ಸದ್ದು. ಮತ್ತೆ: "ಅರ್ಪಿತಾ, ಇವತ್ತ ಯಾವ ವಾರ?"

"ಆಗಳೇ ಹೇಳಿದ್ನಲ್ರಿ! ನಂಗ ಬಸ್ ತಪ್ಪತೈತಿ. ಆ ಗಣಕ ಗ್ವಾಡ್ಯಾಗ ಸುಮ್ನ ಕುಂತೈತಿ, ಅದನ್ನ ಕೇಳ್ರಿ. ನನ್ನ ತಲಿ ತಿನಬ್ಯಾಡ್ರಿ."

ಬಾಗಿಲು ಹಾಕಿಕೊಂಡ ಸದ್ದು. ಬಹಳ ಹೊತ್ತಿನ ಮೇಲೆ, ಮೆಲ್ಲಗೆ: "ಏ... ಇವತ್ತ ಯಾವ ವಾರ?"

ಅರ್ಪಿತಾ ನೆಲ ನೋಡುತ್ತ ಕೂತಳು. ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಚೇತನ ಇಂಥದೊಂದು ಸಾಕ್ಷಿಯನ್ನು ಕೈಬಿಟ್ಟವನಲ್ಲ. ತಾರೀಕು, ಗಂಟೆ, ದನಿ ಎಲ್ಲ ಇದೆ. ಇನ್ನು ಸಾಯುವ ತನಕ ಇದನ್ನು ಕೇಳಬೇಕು.

ಚೇತನ ಕೈ ಚಾಚಿ ತಂತಿ ಕಿತ್ತ. "ನಡಿ," ಅಂದ. "ಅವ್ವ ಒಬ್ಬಾಕಿನ ಅದಾಳ ಮನ್ಯಾಗ."

ಬಸ್ಸಿನಲ್ಲಿ ಅವನು ಆ ಮಾತು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ.

ಎರಡು ದಿನದಲ್ಲಿ ನರರೋಗದ ವೈದ್ಯೆಯ ಬಳಿ ಹೋಗಿ ಬಂದರು. ಮರೆವಿನ ಕಾಯಿಲೆ, ಇನ್ನೂ ಆರಂಭ. ವಾಸಿಯಾಗುವುದಿಲ್ಲ, ಆದರೆ ಗುಳಿಗೆಯಿಂದ ಅದರ ನಡಿಗೆಯನ್ನು ನಿಧಾನ ಮಾಡಬಹುದು ಎಂದರು. ರಶ್ಮಿ ಅದನ್ನು ಕೇಳಿ, ಇದು ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ ಸೆರಗು ಸರಿಮಾಡಿಕೊಂಡರು.

ಉಳಿದದ್ದು ಎರಡು ದಿನ. ಯಾವ ಗಣಕ? ಪ್ರಶ್ನೆ ಈಗ ಪೂರ್ತಿ ಬೇರೆಯಾಗಿತ್ತು. ಜಗಳ ಮಾತ್ರ ಅದೇ.

"ಹಳೇದನ್ನ ತರೂಣು," ಅಂದ ಚೇತನ. "ಅವ್ವಗ ಯಾವುದೂ ಮಸುಕು ಆಗಬಾರದು. ಒಂದು ತಿಂಗಳ ಆಕಿ ದವಾಖಾನ್ಯಾಗ ಇದ್ರ? ಮೂರು ತಿಂಗಳ ಸಾರಿಂದು ಕೇಳದಿದ್ರ? ಬಂದು ಕೇಳಿದಾಗ ಇದು ಮಸುಕಾಗಿದೆ ಅಂದ್ರ ಏನ ಮಾಡ್ತಿ?"

"ಅತ್ತಿ ಕೇಳೂದು ಬಿಟ್ರ ಎಳಿ ಕರಗತೈತಿ, ಅದು ನಮಗ ಗೊತ್ತಾಗೂದು ಇದರಾಗ ಅಷ್ಟ. ಕಲ್ಲಿನ್ಯಾಗ ಎರಡ ವರ್ಷ ಗೊತ್ತಾತೇನು?"

"ಗೊತ್ತಾಗಲಿಲ್ಲ ಅಂದ್ರ ತಪ್ಪು ಕಲ್ಲಿಂದೇನು?"

"ಹಂಗ ನಾ ಅಂದ್ನೇನು? ನೀವು ಯಾವಾಗ್ಲೂ..."

"ಹೋಗ್ಲಿ, ಎರಡೂ ಇಟ್ಟರ?"

"ಒಂದು ಮನಿಗೆ ಒಂದ! ನೂರು ಸಲ ಹೇಳೀನಿ!"

ಬಾಗಿಲಲ್ಲಿ ರಶ್ಮಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ನನ್ನ ವಿಷಯ ಆದ್ರ ನನ್ನ ಕೇಳ್ರಿ" ಅಂದರು.

ಇಬ್ಬರೂ ಅವರ ಕಡೆ ತಿರುಗಿದರು.

"ಹಳೇದು ಲೆಕ್ಕಾ ಇಡ್ತಿತ್ತು. ಯಾವ ವಾರ ಅಂತ ಕೇಳಿದ್ರ ವಾರ ಹೇಳಿ, ಮ್ಯಾಲೆ, 'ನೀವು ಇಂದು ಇದನ್ನು ಒಂಬತ್ತನೇ ಸಲ ಕೇಳುತ್ತಿದ್ದೀರಿ' ಅಂತಿತ್ತು. ಎಷ್ಟನೇ ಸಲ ಅಂತ ನಾ ಕೇಳಿದ್ನೇನು ಅದನ್ನ? ನಂಗ ಗೊತ್ತಿರಲಿಲ್ಲೇನು ನನ್ನ ಹಣೇಬಾರ?" ಅವರು ಸಿಟ್ಟಿನಿಂದ ಗೋಡೆಯತ್ತ ಬೆರಳು ತೋರಿಸಿದರು. "ಎರಡ ವರ್ಷ ಕೇಳಿಸಿಕೊಂಡೀನಿ. ಇದು ಹಂಗ ಅನ್ನೂದಿಲ್ಲ. ಪ್ರತಿ ಸಲಾನೂ ಮೊದಲ್ನೇ ಸಲ ಕೇಳಿದಂಗ ಹೇಳ್ತೈತಿ. ಇದ ಇರ್ಲಿ."

ಚೇತನ ತನ್ನ ಹದಿನೇಳು ಕಾರಣಗಳ ಹಾಳೆಯನ್ನು ಮಡಚಿಟ್ಟ. ನೂರನೇ ದಿನ ಅವನೇ ಹೋಗಿ ಸಹಿ ಹಾಕಿದ. ವೈದ್ಯೆಗೆ ಬೇಕಾದ ತಾರೀಕುಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಂಡ. ಫಲಕ ಯಂತ್ರದೊಳಗೆ ಹೋಗಿ ಬಿಳಿ ಪುಡಿಯಾಗಿ ಬೀಳುವ ತನಕ ನಿಂತು ನೋಡಿದ.

ಆ ರವಿವಾರ ಬೇಳೆ ಕುದಿಯುವಾಗ ರಶ್ಮಿ ಗೋಡೆಯತ್ತ ತಿರುಗಿದರು. ಅರ್ಪಿತಾ ಅಡ್ಡ ಬಂದಳು. "ನನ್ನ ಕೇಳ್ರಿ ಅತ್ತಿ."

"ನಿನಗ ನನ್ನ ಸಾರು ಎಲ್ಲಿ ಬರ್ತೈತಿ? ಹತ್ತೊಂಬತ್ತ ವರ್ಷ ತಿಂದಿ. ಒಮ್ಮೆರ ಮಾಡೀಯೇನು?"

"ಇಲ್ಲ. ಹಂಗಾರ ಕಲಸ್ರಿ."

"ನಂಗ ನೆನಪ ಇದ್ರಲ್ಲ ಕಲಸೂದು!"

ಕೊನೆಗೆ ಇಬ್ಬರೂ ಗಣಕವನ್ನೇ ಕೇಳಿದರು. ಅದು ಹೇಳಿತು. ರಶ್ಮಿ ಅಳತೆ ತಿದ್ದಿದರು, ಬೆಲ್ಲ ಅಷ್ಟು ಬೇಡ ಅಂದರು, ಮತ್ತೆ ಬೇಕು ಅಂದರು. ನಡುನಡುವೆ ಯಾವ ವಾರ ಎಂದು ಕೇಳಿದರು. ಅರ್ಪಿತಾ ನಾಲ್ಕು ಸಲ ತಾಳ್ಮೆಯಿಂದ ಹೇಳಿದಳು. ಐದನೇ ಸಲ ಅವಳ ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಸಾಸಿವೆ ಡಬ್ಬಿ ಇತ್ತು.

"ರವಿವಾರ ಅತ್ತಿ, ರವಿವಾರ, ರವಿವಾರ!"

"ಒದರಬ್ಯಾಡ. ಕಿವಿ ಛಲೋ ಅದಾವ ನಂಗ" ಅಂದರು ರಶ್ಮಿ. "ಸಾಸಿವಿ ಹೊತ್ತಿದ್ವು ನೋಡು."

ಹೊತ್ತಿದ್ದವು. ಅರ್ಪಿತಾ ಸೌಟನ್ನು ತೊಳೆದು, ಮತ್ತೆ ಎಣ್ಣೆ ಹಾಕಿ ಉರಿಯ ಮೇಲಿಟ್ಟಳು.